ಉಚಿತವಾಗಿ ಪಡೆದದ್ದಕ್ಕೆ ಬೆಲೆ ಕಟ್ಟಬಹುದೇ? ಸುವಾರ್ತೆಯಲ್ಲಿ ಕೊಡುವುದು ಮತ್ತು ಸಾರುವುದು

ಕ್ರೈಸ್ತ ಸಭೆಗಳ ಒಳಗೂ ಹೊರಗೂ ಈಗ ಎರಡು ವಾದ ಜೋರಾಗಿ ನಡೆಯುತ್ತಿವೆ. ಒಂದು ದುಡ್ಡಿನದು. ಟಿವಿಯಲ್ಲಿ, ಯೂಟ್ಯೂಬ್‌ನಲ್ಲಿ ಕೆಲವು ಬೋಧಕರು ‘ಇಲ್ಲಿ ಬೀಜ ಬಿತ್ತಿ, ದೇವರು ನೂರರಷ್ಟು ಕೊಡುತ್ತಾನೆ’ ಎಂದು ಕಾಣಿಕೆ ಕೇಳುತ್ತಾರೆ. ಇನ್ನು ಕೆಲವರು ದಶಮಾಂಶ, ಅಂದರೆ ಗಳಿಕೆಯ ಹತ್ತನೇ ಪಾಲು, ಕೊಡದಿದ್ದರೆ ಶಾಪ ತಟ್ಟುತ್ತದೆ ಎಂದು ಹೆದರಿಸುತ್ತಾರೆ. ಎರಡನೆಯದು ಪ್ರಚಾರದ್ದು. ಹಸಿದವರಿಗೆ ಅನ್ನ, ರೋಗಿಗೆ ಔಷಧ, ಮಕ್ಕಳಿಗೆ ಶಾಲೆ ಕೊಟ್ಟು ಅದರ ಮೂಲಕ ನಂಬಿಕೆಯನ್ನು ಕೊಳ್ಳಲಾಗುತ್ತಿದೆ ಎಂಬ ದೂರು ಅದು.

ಈ ಎರಡು ವಾದಗಳನ್ನು ಬೇರೆ ಬೇರೆ ಜನ ಮಾಡುತ್ತಾರೆ. ಮೊದಲನೆಯದು ಸಭೆಯವರ ಮನೆಯೊಳಗಿನ ಜಗಳ. ಎರಡನೆಯದು ಹೊರಗಿನವರ ಆಕ್ಷೇಪ. ಆದರೆ ಯೇಸುವಿನ ಬದುಕು, ಮಾತು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಾದ ಸುವಾರ್ತೆಗಳನ್ನು ಕೂತು ಓದಿದರೆ ಎರಡೂ ಒಂದೇ ಗಂಟು ಅನ್ನಿಸುತ್ತದೆ. ಒಂದು ಕಡೆ ಕೇಳುಗನ ದುಡ್ಡಿಗೆ ಬದಲಾಗಿ ಆಶೀರ್ವಾದ. ಇನ್ನೊಂದು ಕಡೆ ಬೋಧಕನ ಅನ್ನಕ್ಕೆ ಬದಲಾಗಿ ನಂಬಿಕೆ. ಎರಡರಲ್ಲೂ ದಾನ ಹೋಗಿ ವ್ಯಾಪಾರ ಬಂದಿದೆ. ಯೇಸು ತನ್ನ ಶಿಷ್ಯರನ್ನು ಮೊದಲ ಸಲ ಸಾರಲು ಕಳಿಸಿದಾಗಲೇ ಈ ಬಾಗಿಲನ್ನು ಮುಚ್ಚಿದ್ದ.

ಆ ಮಾತು ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಹನ್ನೆರಡು ಜನರನ್ನು ಹಳ್ಳಿಗಳಿಗೆ ಕಳಿಸುತ್ತಿದ್ದಾನೆ. ರೋಗಿಗಳನ್ನು ವಾಸಿಮಾಡಿ, ಕುಷ್ಠದವರನ್ನು ಶುದ್ಧಮಾಡಿ ಎಂದು ಹೇಳಿದ ಮೇಲೆ ಬರುವ ಮಾತು: ಉಚಿತವಾಗಿ ಪಡೆದಿದ್ದೀರಿ, ಉಚಿತವಾಗಿ ಕೊಡಿರಿ. ಮುಂದಿನ ವಚನದಲ್ಲಿ ನಡುಕಟ್ಟಿನಲ್ಲಿ ಚಿನ್ನ, ಬೆಳ್ಳಿ, ತಾಮ್ರ ಇಟ್ಟುಕೊಳ್ಳಬೇಡಿ ಎನ್ನುತ್ತಾನೆ. ಚೀಲ ಬೇಡ, ಎರಡನೇ ಅಂಗಿ ಬೇಡ. ಕೊಡುವುದು ಮತ್ತು ಸಾರುವುದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಜಾಗ ಇದು. ಸಾರುವವನ ಕೈಯಲ್ಲಿರುವುದು ಅವನು ದುಡಿದು ಗಳಿಸಿದ್ದಲ್ಲ. ಹಾಗಾಗಿ ಅದಕ್ಕೆ ಬೆಲೆ ಕೇಳುವ ಹಕ್ಕೂ ಅವನಿಗಿಲ್ಲ.

ಆದರೆ ಅದರ ಬೆನ್ನಿಗೇ ಇನ್ನೊಂದು ಮಾತೂ ಇದೆ. ಕೆಲಸಗಾರನು ತನ್ನ ಆಹಾರಕ್ಕೆ ಯೋಗ್ಯನು. ಲೂಕನ 10ನೇ ಅಧ್ಯಾಯದಲ್ಲಿ ಎಪ್ಪತ್ತು ಜನರನ್ನು ಕಳಿಸುವಾಗಲೂ ಇದೇ ಮಾತಿದೆ. ಅಲ್ಲಿ ‘ಕೂಲಿ’ ಎಂದಿದೆ. ಜೊತೆಗೆ ಒಂದು ಕಡಿವಾಣವೂ ಇದೆ: ಮನೆಯಿಂದ ಮನೆಗೆ ಹೋಗಬೇಡಿ. ಮೊದಲು ಬಾಗಿಲು ತೆರೆದ ಮನೆಯಲ್ಲೇ ಇರಿ, ಅವರು ಬಡಿಸಿದ್ದನ್ನು ತಿನ್ನಿ. ಇನ್ನೂ ಒಳ್ಳೆ ಊಟ ಸಿಗುವ ಮನೆ ಹುಡುಕಬೇಡಿ ಅಂತ ಅಲ್ವಾ ಅದರ ಅರ್ಥ? ಸಾರುವವನಿಗೆ ಹೊಟ್ಟೆಪಾಡು ಉಂಟು. ಸಾರಿದ್ದಕ್ಕೆ ಬೆಲೆ ಇಲ್ಲ. ಇವೆರಡರ ನಡುವಿನ ಗೆರೆ ತೆಳುವಾದದ್ದು. ಎರಡು ಸಾವಿರ ವರ್ಷಗಳಿಂದ ಸಭೆಗಳು ಆ ಗೆರೆಯ ಮೇಲೇ ಎಡವುತ್ತಿವೆ.

ಮೊದಲ ಸಭೆಗಳು ಗೆರೆ ಎಳೆದದ್ದು ಹೀಗೆ

ಮೊದಲ ತಲೆಮಾರುಗಳಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ‘ದಿದಾಖೆ’ ಎಂಬ ಪುಟ್ಟ ಕೈಪಿಡಿ ಒಂದನೇ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅದರ ಪ್ರತಿ ಸಿಕ್ಕಿದ್ದು 1873ರಲ್ಲಿ, ಕಾನ್ಸ್ಟಾಂಟಿನೋಪಲ್‌ನ ಒಂದು ಗ್ರಂಥಾಲಯದಲ್ಲಿ. ಊರೂರು ಸುತ್ತುವ ಬೋಧಕರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅದು ಬಿಡಿಸಿ ಹೇಳುತ್ತದೆ. ಬಂದವನನ್ನು ಕರ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ ಇರಲಿ. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಸಾಕಾಗುವಷ್ಟು ರೊಟ್ಟಿ ಕೊಡಿ. ದುಡ್ಡು ಕೇಳಿದರೆ ಅವನು ಸುಳ್ಳು ಪ್ರವಾದಿ.

ಅದಾದ ಮೇಲೆ ಬರುವ ವಾಕ್ಯ ನನಗೆ ತುಂಬಾ ಮುಖ್ಯ. ಅವನು ಕಷ್ಟದಲ್ಲಿರುವ ಬೇರೆಯವರಿಗಾಗಿ ಕೇಳಿದರೆ ಅವನನ್ನು ಯಾರೂ ತೀರ್ಪು ಮಾಡಬಾರದು. ಅಂದರೆ ಆ ಕೈಪಿಡಿ ನೋಡುವುದು ದುಡ್ಡು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು. ಬೋಧಕನ ಕಡೆಗೋ, ಇಲ್ಲದವನ ಕಡೆಗೋ? ಊರಲ್ಲೇ ನೆಲೆಸಬೇಕು ಎನ್ನುವವನಿಗೆ ಕಸುಬು ಇದ್ದರೆ ಅವನು ದುಡಿದು ತಿನ್ನಲಿ ಎಂದೂ ಅದು ಹೇಳುತ್ತದೆ. ಹಾಗೆ ಮಾಡದವನನ್ನು ಕ್ರಿಸ್ತನ ಹೆಸರಲ್ಲಿ ವ್ಯಾಪಾರ ಮಾಡುವವನು ಎಂದು ನೇರವಾಗಿ ಕರೆಯುತ್ತದೆ. ನೆಲೆಸಿದ ನಿಜವಾದ ಪ್ರವಾದಿಗೆ ಬೆಳೆಯ ಮೊದಲ ಪಾಲು ಕೊಡಿ ಎನ್ನುತ್ತದೆ. ಪ್ರವಾದಿ ಇಲ್ಲದಿದ್ದರೆ ಅದು ಬಡವರಿಗೆ ಹೋಗಲಿ.

ಮೊದಲ ತಲೆಮಾರಿನ ಅಪೊಸ್ತಲ ಪೌಲ ಇದನ್ನು ಬದುಕಿ ತೋರಿಸಿದ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯ ಓದಿ. ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಬದುಕಬಹುದು ಎಂದು ವಕೀಲನ ಹಾಗೆ ಒಂದರ ಮೇಲೊಂದು ವಾದ ಕಟ್ಟುತ್ತಾನೆ. ಹಕ್ಕನ್ನು ಪೂರ್ತಿ ಸಾಬೀತು ಮಾಡಿದ ಮೇಲೆ, ನಾನು ಈ ಹಕ್ಕನ್ನು ಬಳಸಿಲ್ಲ ಎನ್ನುತ್ತಾನೆ. ಅವನು ಗುಡಾರ ಮಾಡುವ ಕಸುಬಿನವನು. ಯಾರಿಗೂ ಭಾರವಾಗಬಾರದೆಂದು ರಾತ್ರಿ ಹಗಲು ದುಡಿದೆವು ಎಂದು ಥೆಸಲೋನಿಕದವರಿಗೆ ನೆನಪಿಸುತ್ತಾನೆ.

ಹಾಗಂತ ಅವನು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ ಅಂತಲ್ಲ. ಫಿಲಿಪ್ಪಿಯವರು ಕಳಿಸಿದ ಸಹಾಯವನ್ನು ಸಂತೋಷದಿಂದ ಪಡೆದ. ಅದಕ್ಕೆ ಬಾಯ್ತುಂಬ ಥ್ಯಾಂಕ್ಸ್ ಹೇಳಿದ. ಆದರೆ ಯಾವಾಗ ಪಡೆದ ಎಂಬುದನ್ನು ಗಮನಿಸಬೇಕು. ಥೆಸಲೋನಿಕದಲ್ಲಿ ಸಾರುತ್ತಿದ್ದಾಗ ಅವನ ಖರ್ಚಿಗೆ ಬಂದದ್ದು ಫಿಲಿಪ್ಪಿಯಿಂದ. ಕೊರಿಂಥದಲ್ಲಿದ್ದಾಗ ಕೊರತೆ ತುಂಬಿದವರು ಮಕೆದೋನ್ಯದ ಸಹೋದರರು. ಈಗತಾನೇ ಯಾರ ಮುಂದೆ ಸುವಾರ್ತೆ ಇಡುತ್ತಿದ್ದಾನೋ ಅವರ ದುಡ್ಡಿನ ಮೇಲೆ ಅವನು ನಿಲ್ಲುತ್ತಿರಲಿಲ್ಲ. ಆಗಲೇ ನಂಬಿ, ತಾವಾಗಿಯೇ ಪಾಲುದಾರರಾದವರ ಸಹಾಯಕ್ಕೆ ಕೈ ಚಾಚುತ್ತಿದ್ದ. ಇದೇ ಸಾಲನ್ನು ಇಂದಿನ ಪ್ರಚಾರ ಸಭೆಗಳಿಗೆ ಹಿಡಿದು ನೋಡಿ. ವೇದಿಕೆ ಮುಂದೆ ಮೊದಲ ಸಲ ಬಂದು ಕೂತವನ ಕೈಗೇ ಕಾಣಿಕೆಯ ಕವರ್ ಬರುತ್ತದೆ.

ದಶಮಾಂಶ: ಓದುವ ವಚನ, ಬಿಟ್ಟುಬಿಡುವ ವಚನ

ದುಡ್ಡು ಕೇಳುವಾಗ ಜಾಸ್ತಿ ಬಳಕೆಯಾಗುವ ಮಾತು ಹೊಸ ಒಡಂಬಡಿಕೆಯದ್ದಲ್ಲ. ಅದು ಹಳೆಯ ಒಡಂಬಡಿಕೆಯ ಪ್ರವಾದಿ ಮಲಾಕಿಯನ ಮೂರನೇ ಅಧ್ಯಾಯದ ಹತ್ತನೇ ವಚನ. ದಶಮಾಂಶವನ್ನೆಲ್ಲ ಉಗ್ರಾಣಕ್ಕೆ ತನ್ನಿರಿ, ನಾನು ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಯುತ್ತೇನೋ ಇಲ್ಲವೋ ಪರೀಕ್ಷಿಸಿ ನೋಡಿ ಎಂಬ ಮಾತು. ಅದರ ಹಿಂದಿನ ವಚನದಲ್ಲಿ ಶಾಪದ ಮಾತೂ ಇದೆ. ಎರಡೂ ಸೇರಿದರೆ ಬೋಧಕನ ಕೈಗೆ ಒಂದು ಆಸೆ, ಒಂದು ಹೆದರಿಕೆ ಸಿಕ್ಕಂತಾಯಿತು.

ಮೋಶೆಯ ಕಾನೂನಿನಲ್ಲಿ ದಶಮಾಂಶ ಏನಾಗಿತ್ತು? ಧಾನ್ಯ, ದ್ರಾಕ್ಷಾರಸ, ಎಣ್ಣೆ, ದನಕುರಿ. ಭೂಮಿಯಿಂದ ಹುಟ್ಟಿದ್ದರ ಹತ್ತನೇ ಪಾಲು. ಅರಣ್ಯಕಾಂಡದ 18ನೇ ಅಧ್ಯಾಯದ ಪ್ರಕಾರ ಅದು ದೇವರ ಸೇವೆಗೆ ಮೀಸಲಾದ ಕುಲದವರಾದ ಲೇವಿಯರಿಗೆ. ಏಕೆಂದರೆ ಉಳಿದ ಕುಲಗಳಿಗೆ ಸಿಕ್ಕ ಹಾಗೆ ಅವರಿಗೆ ಭೂಮಿ ಪಾಲು ಸಿಗಲಿಲ್ಲ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಇನ್ನೂ ಅಚ್ಚರಿ ಹುಟ್ಟಿಸುತ್ತದೆ. ಅಲ್ಲಿ ದಶಮಾಂಶವನ್ನು ಕೊಟ್ಟವನೇ ತನ್ನ ಮನೆಯವರ ಜೊತೆ ದೇವರ ಸನ್ನಿಧಿಯಲ್ಲಿ ಹಬ್ಬದೂಟ ಮಾಡಬೇಕು. ಊರು ದೂರವಾದರೆ ಬೆಳೆಯನ್ನು ಮಾರಿ, ದುಡ್ಡು ತಂದು, ಮನಸ್ಸಿಗೆ ಬಂದದ್ದನ್ನು ಕೊಂಡು ತಿಂದು ಸಂತೋಷಪಡಬೇಕು. ಮೂರು ವರ್ಷಕ್ಕೊಮ್ಮೆ ಆ ಪಾಲು ಊರಲ್ಲೇ ಉಳಿಯಬೇಕು. ಲೇವಿಯ, ಪರದೇಶಿ, ತಂದೆಯಿಲ್ಲದ ಮಗು, ವಿಧವೆ ಬಂದು ಹೊಟ್ಟೆ ತುಂಬ ತಿನ್ನಬೇಕು. ‘ದಶಮಾಂಶ ಬೈಬಲಿನಲ್ಲಿದೆ’ ಎನ್ನುವವರು ಈ ಊಟದ ಅಧ್ಯಾಯವನ್ನು ಯಾಕೋ ಓದುವುದೇ ಇಲ್ಲ.

ಮಲಾಕಿಯನ ಸಿಟ್ಟು ಯಾರ ಮೇಲೆ ಎಂಬುದೂ ಮುಖ್ಯ. ಮೊದಲ ಎರಡು ಅಧ್ಯಾಯಗಳಲ್ಲಿ ಅವನು ಬೈಯುವುದು ಯಾಜಕರನ್ನು. ಕುಂಟ, ಕುರುಡ ಪಶುಗಳನ್ನು ಬಲಿಪೀಠಕ್ಕೆ ತರುತ್ತೀರಿ ಎಂದು. ಮೂರನೇ ಅಧ್ಯಾಯದ ಐದನೇ ವಚನದಲ್ಲಿ ದೇವರು ನ್ಯಾಯತೀರ್ಪಿಗೆ ಬರುವುದು ಕೂಲಿಯವರ ಕೂಲಿ ಹಿಡಿಯುವವರ ಮೇಲೆ, ವಿಧವೆಯರನ್ನೂ ಅನಾಥರನ್ನೂ ಹಿಂಸಿಸುವವರ ಮೇಲೆ, ಪರದೇಶಿಯ ಹಕ್ಕು ಕಿತ್ತುಕೊಳ್ಳುವವರ ಮೇಲೆ. ಐದನೇ ವಚನ ಬಿಟ್ಟು ಹತ್ತನೇ ವಚನ ಓದುವುದು ಸರಿಯಾದ ಓದಲ್ಲ.

ಯೇಸು ದಶಮಾಂಶದ ಬಗ್ಗೆ ಮಾತಾಡಿದ್ದು ತೀರಾ ಕಡಿಮೆ. ಮತ್ತಾಯ 23ರಲ್ಲಿ ಕಾನೂನನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡವಾದ ಫರಿಸಾಯರಿಗೆ ಹೇಳುತ್ತಾನೆ: ಪುದೀನ, ಸೋಂಪು, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸುತ್ತೀರಿ, ನ್ಯಾಯ, ಕರುಣೆ, ನಂಬಿಗಸ್ತಿಕೆಯನ್ನು ಬಿಟ್ಟಿದ್ದೀರಿ. ಅದನ್ನು ಬಿಡದೆ ಇದನ್ನೂ ಮಾಡಬೇಕಿತ್ತು ಎಂದು ಸೇರಿಸುತ್ತಾನೆ, ನಿಜ. ಆದರೆ ಕಾನೂನಿನ ಕೆಳಗೆ ಬದುಕುತ್ತಿದ್ದವರಿಗೆ ಹೇಳಿದ ಮಾತು ಅದು. ಯೆಹೂದ್ಯರಲ್ಲದ ವಿಶ್ವಾಸಿಗಳ ಮೇಲೆ ಏನೇನು ಹೊರೆ ಹಾಕಬೇಕು ಎಂದು ಯೆರೂಸಲೇಮಿನಲ್ಲಿ ಸಭೆ ಸೇರಿ ತೀರ್ಮಾನಿಸಿದರಲ್ಲ, ಅಪೊಸ್ತಲರ ಕೃತ್ಯಗಳು 15ರಲ್ಲಿ, ಆ ಪಟ್ಟಿಯಲ್ಲಿ ದಶಮಾಂಶ ಇಲ್ಲ. ಪೌಲನ ಪತ್ರಗಳಲ್ಲೂ ಸಭೆಗಳಿಗೆ ಆ ಆಜ್ಞೆ ಇಲ್ಲ. ಪ್ರತಿಯೊಬ್ಬನು ತನ್ನ ಹೃದಯದಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ, ದುಃಖದಿಂದಾಗಲಿ ಬಲವಂತದಿಂದಾಗಲಿ ಬೇಡ ಎಂಬುದೇ ಅವನ ಅಳತೆ.

ಸುಮಾರು 155ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಬರೆದದ್ದೂ ಇದನ್ನೇ. ಭಾನುವಾರ ಇರುವವರು, ಮನಸ್ಸಿದ್ದವರು, ತಮಗೆ ತೋಚಿದಷ್ಟು ಕೊಡುತ್ತಾರೆ. ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರದೇಶಿಗಳಿಗೆ. ಸುಮಾರು 197ರಲ್ಲಿ ಇನ್ನೊಬ್ಬ ಕ್ರೈಸ್ತ ಲೇಖಕ ತೆರ್ತುಲಿಯನ್ ಇನ್ನೂ ಬಿಡಿಸಿ ಹೇಳುತ್ತಾನೆ: ತಿಂಗಳಿಗೊಮ್ಮೆ, ಆಸೆ ಮತ್ತು ಶಕ್ತಿ ಇದ್ದರೆ ಮಾತ್ರ, ಯಾರ ಮೇಲೂ ಒತ್ತಾಯವಿಲ್ಲ. ದಶಮಾಂಶ ಕಡ್ಡಾಯವಾದದ್ದು ಎಷ್ಟೋ ಕಾಲದ ಮೇಲೆ. 585ರಲ್ಲಿ ಗಾಲ್ ನಾಡಿನ (ಈಗಿನ ಫ್ರಾನ್ಸ್) ಮಾಕೋನ್‌ನಲ್ಲಿ ಸೇರಿದ ಬಿಷಪರ ಸಮ್ಮೇಳನ ಕೊಡದವರನ್ನು ಬಹಿಷ್ಕರಿಸಬೇಕೆಂದಿತು. 779ರಲ್ಲಿ ಫ್ರಾಂಕರ ರಾಜ ಶಾರ್ಲ್‌ಮೇನ್ ಅದನ್ನು ರಾಜ್ಯದ ಕಾನೂನು ಮಾಡಿದ. ಅಲ್ಲಿಂದ ಅದು ತೆರಿಗೆ. ಫ್ರಾನ್ಸಿನಲ್ಲಿ ಅದು ಹೋಗಿದ್ದು 1789ರ ಕ್ರಾಂತಿಯಲ್ಲಿ.

ಹತ್ತನೇ ಪಾಲನ್ನು ತಮ್ಮ ಬದುಕಿನ ಶಿಸ್ತಾಗಿ, ಖುಷಿಯಿಂದ ಎತ್ತಿಡುವವರು ಲಕ್ಷಾಂತರ ಮಂದಿ ಇದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆ ಶಿಸ್ತು ಎಷ್ಟೋ ಆಸ್ಪತ್ರೆ, ಶಾಲೆ, ಅನಾಥಾಲಯ ನಡೆಸುತ್ತಿದೆ. ನನ್ನ ತಕರಾರು ಒಂದೇ. ಸಾಲದಲ್ಲಿ ಮುಳುಗಿದವನಿಗೂ ಕೋಟ್ಯಧಿಪತಿಗೂ ಒಂದೇ ಅಳತೆ ಹಿಡಿದು, ಕೊಡದ ಬಡವನಿಗೆ ಶಾಪದ ಹೆದರಿಕೆ ಹುಟ್ಟಿಸುವುದು ಸುವಾರ್ತೆಯ ಮಾತಲ್ಲ. ಹೊಲ ಮಾರಿದ ದುಡ್ಡಲ್ಲಿ ಒಂದಿಷ್ಟು ಬಚ್ಚಿಟ್ಟು ಸತ್ತುಬಿದ್ದ ದಂಪತಿ ಅನನೀಯ ಮತ್ತು ಸಫೈರಳ ಕಥೆಯನ್ನು ಹೆದರಿಸಲು ಬಳಸುತ್ತಾರೆ. ಅದರಲ್ಲೂ ಅಪೊಸ್ತಲ ಪೇತ್ರ ಏನು ಹೇಳುತ್ತಾನೆ? ಹೊಲ ಇದ್ದಾಗ ನಿನ್ನದೇ ಆಗಿತ್ತು, ಮಾರಿದ ಮೇಲೂ ದುಡ್ಡು ನಿನ್ನ ಕೈಯಲ್ಲೇ ಇತ್ತಲ್ಲವೇ? ಅವರ ತಪ್ಪು ಕಡಿಮೆ ಕೊಟ್ಟದ್ದಲ್ಲ. ಪೂರ್ತಿ ಕೊಟ್ಟೆವು ಎಂದು ಸುಳ್ಳು ಹೇಳಿದ್ದು.

ವಿಧವೆಯ ಎರಡು ಕಾಸು

ಕಾಣಿಕೆಯ ಪ್ರಸಂಗಗಳಲ್ಲಿ ಮಲಾಕಿಯನ ಪಕ್ಕದಲ್ಲೇ ಬರುವವಳು ಮಾರ್ಕ 12ರ ಬಡ ವಿಧವೆ. ದೇವಾಲಯದ ಪೆಟ್ಟಿಗೆಗೆ ಎರಡು ಪುಟ್ಟ ಕಾಸು ಹಾಕಿದಳು. ಆಗಿನ ಒಂದು ದಿನದ ಕೂಲಿ ಒಂದು ದಿನಾರಿ. ಅವಳ ಎರಡು ಕಾಸು ಸೇರಿದರೆ ಆ ಕೂಲಿಯ 64ನೇ ಒಂದು ಭಾಗ. ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ, ತನ್ನ ಜೀವನಕ್ಕಿದ್ದದ್ದನ್ನೆಲ್ಲ ಹಾಕಿದಳು ಎಂದು ಯೇಸು ಹೇಳುತ್ತಾನೆ. ಪ್ರಸಂಗ ಅಲ್ಲಿಗೆ ಮುಗಿಯುತ್ತದೆ. ನೀವೂ ಹೀಗೇ ಕೊಡಿ ಎಂದು ಬೋಧಕ ಸೇರಿಸುತ್ತಾನೆ.

ಯೇಸು ಅದನ್ನು ಸೇರಿಸಲಿಲ್ಲ. ಈ ಘಟನೆಯ ಹಿಂದೆ ಮುಂದೆ ಏನಿದೆ ನೋಡಿ. ಇದರ ಮೊದಲಿನ ವಚನಗಳಲ್ಲಿ ಅವನು ಶಾಸ್ತ್ರಿಗಳ ಬಗ್ಗೆ ಎಚ್ಚರಿಸುತ್ತಿದ್ದಾನೆ: ಉದ್ದ ನಿಲುವಂಗಿ ಹಾಕಿಕೊಂಡು ತಿರುಗುವವರು, ಉದ್ದುದ್ದ ಪ್ರಾರ್ಥನೆ ಮಾಡುವವರು, ವಿಧವೆಯರ ಮನೆಗಳನ್ನು ನುಂಗುವವರು. ಆ ಮಾತು ಮುಗಿದದ್ದೇ ಒಬ್ಬ ವಿಧವೆ ಬಂದು ತನ್ನ ಕೊನೆಯ ಕಾಸು ಹಾಕುತ್ತಾಳೆ. ಮುಂದಿನ ಅಧ್ಯಾಯದ ಮೊದಲ ವಚನದಲ್ಲಿ ಶಿಷ್ಯನೊಬ್ಬ ದೇವಾಲಯದ ಕಲ್ಲುಗಳನ್ನು ನೋಡಿ ಬೆರಗಾಗುತ್ತಾನೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಉತ್ತರಿಸುತ್ತಾನೆ. ಅವಳು ಹಾಕಿದ ಎರಡು ಕಾಸು ಸೇರಿದ್ದು ಆ ಕಟ್ಟಡಕ್ಕೇ.

1982ರಲ್ಲಿ ಆಡಿಸನ್ ರೈಟ್ ಎಂಬ ಕ್ಯಾಥೊಲಿಕ್ ವಿದ್ವಾಂಸರು ಈ ಸಾಲುಗಳನ್ನು ಒಟ್ಟಿಗೆ ಓದಿ, ಇದು ಹೊಗಳಿಕೆಯಲ್ಲ, ಗೋಳು ಎಂದು ವಾದಿಸಿದರು. ವಿದ್ವಾಂಸರಲ್ಲಿ ಆ ಚರ್ಚೆ ಇಂದಿಗೂ ಮುಂದುವರಿದಿದೆ. ನನ್ನ ಓದಿನಲ್ಲಿ ಎರಡೂ ಇವೆ. ಆ ಹೆಂಗಸಿನ ಮನಸ್ಸು ದೊಡ್ಡದು. ಅವಳನ್ನು ಬರಿಗೈಯಲ್ಲಿ ಮನೆಗೆ ಕಳಿಸಿದ ವ್ಯವಸ್ಥೆ ಕೆಟ್ಟದ್ದು. ವಿಧವೆಗೆ ಕೊಡಬೇಕು ಎನ್ನುವ ಧರ್ಮ ವಿಧವೆಯಿಂದ ತೆಗೆದುಕೊಳ್ಳುತ್ತಿದೆ. ಈ ಕಥೆಯನ್ನು ಬಡವರ ಮುಂದೆ ಕಾಣಿಕೆ ಕೇಳಲು ಬಳಸುವವರು ತಾವು ಆ ಚಿತ್ರದಲ್ಲಿ ಎಲ್ಲಿ ನಿಂತಿದ್ದೇವೆ ಎಂದು ನೋಡಿಕೊಳ್ಳಬೇಕು.

‘ಸಮೃದ್ಧಿ ಸುವಾರ್ತೆ’ ಎಂದು ಕರೆಯುವ ಬೋಧನೆ ಇಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 20ನೇ ಶತಮಾನದ ನಡುವಿನಿಂದ ಅಮೆರಿಕದಲ್ಲಿ ಓರಲ್ ರಾಬರ್ಟ್ಸ್‌ರಂಥ ಬೋಧಕರು ಕಾಣಿಕೆಯನ್ನು ಬೀಜ ಎಂದು ಕರೆದರು. ಟಿವಿ ಅದನ್ನು ಜಗತ್ತಿಗೆಲ್ಲ ಹಂಚಿತು. ಇದಕ್ಕೆ ಆಧಾರವಾಗಿ ಲೂಕ 6:38 ಬರುತ್ತದೆ: ಕೊಡಿರಿ, ನಿಮಗೂ ಕೊಡಲ್ಪಡುವುದು. ಆದರೆ ಅದರ ಹಿಂದಿನ ಮಾತು ತೀರ್ಪು ಮಾಡಬೇಡಿ, ಕ್ಷಮಿಸಿರಿ ಎಂಬುದು. ಇನ್ನೂ ಸ್ವಲ್ಪ ಮೇಲೆ, ತಿರುಗಿ ಬರುತ್ತದೆಂದು ನಿರೀಕ್ಷಿಸದೆ ಸಾಲ ಕೊಡಿ ಎಂದಿದೆ. ಏನನ್ನೂ ನಿರೀಕ್ಷಿಸಬೇಡಿ ಎಂದು ಕಲಿಸುವ ಪಾಠದ ಮಧ್ಯದಿಂದ ಒಂದು ವಚನ ಕಿತ್ತು, ಅದನ್ನೇ ಲಾಭದ ಭರವಸೆ ಮಾಡಲಾಗಿದೆ. ಮಾರ್ಕ 10ರ ‘ನೂರರಷ್ಟು’ ಎಂಬ ಮಾತಿನ ಜೊತೆಗೇ ಹಿಂಸೆಗಳೂ ಬರುತ್ತವೆ ಎಂದಿದೆ. ಅದನ್ನು ಯಾರೂ ಸ್ಕ್ರೀನ್ ಮೇಲೆ ಹಾಕುವುದಿಲ್ಲ. ‘ಸ್ವಲ್ಪ ಬಿತ್ತುವವನು ಸ್ವಲ್ಪ ಕೊಯ್ಯುವನು’ ಎಂದು ಪೌಲ ಬರೆದದ್ದು ಯೆರೂಸಲೇಮಿನ ಬಡವರಿಗಾಗಿ ನಡೆಯುತ್ತಿದ್ದ ಸಂಗ್ರಹದ ಬಗ್ಗೆ. ಬೋಧಕನ ವಿಮಾನದ ಬಗ್ಗೆ ಖಂಡಿತ ಅಲ್ಲ.

ಇದರ ಅತಿ ದೊಡ್ಡ ಹಾನಿ ದುಡ್ಡು ಕಳೆದುಕೊಳ್ಳುವುದಲ್ಲ. ಕೊಟ್ಟ ಮೇಲೂ ಮಗುವಿನ ಜ್ವರ ಇಳಿಯದಿದ್ದರೆ, ಕೆಲಸ ಸಿಗದಿದ್ದರೆ, ನಿನ್ನ ನಂಬಿಕೆ ಸಾಲದು ಎಂಬ ಉತ್ತರ ಸಿಗುತ್ತದೆ. ನೊಂದವನ ತಲೆಗೇ ನೋವಿನ ತಪ್ಪನ್ನೂ ಕಟ್ಟಲಾಗುತ್ತದೆ. ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪಕ್ಕೆ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದ್ದ. ಈ ಬೋಧನೆಯ ವಿರುದ್ಧ ಸಭೆಗಳ ಒಳಗಿನಿಂದಲೇ ದನಿ ಎದ್ದಿದೆ. ಇವ್ಯಾಂಜೆಲಿಕಲ್ ಕ್ರೈಸ್ತರ ಜಾಗತಿಕ ವೇದಿಕೆಯಾದ ಲೊಸಾನ್ ಚಳುವಳಿಯ ಆಫ್ರಿಕನ್ ದೇವಶಾಸ್ತ್ರಜ್ಞರು 2008 ಮತ್ತು 2009ರಲ್ಲಿ ಘಾನಾದ ಅಕ್ರೊಪಾಂಗ್‌ನಲ್ಲಿ ಸೇರಿ ಅದರ ಮೇಲೆ ಹೇಳಿಕೆ ತಯಾರಿಸಿದರು. ಬಡತನವನ್ನು ಹತ್ತಿರದಿಂದ ಕಂಡವರೇ ಅದನ್ನು ಹೇಳಿದ್ದರಿಂದ ಆ ಮಾತಿಗೆ ತೂಕವಿದೆ.

ರೊಟ್ಟಿ ತಿಂದವರು ಎದ್ದು ಹೋದಾಗ

ಈಗ ಇನ್ನೊಂದು ಮಗ್ಗುಲಿಗೆ ಬರೋಣ. ಹೋಗಿ ಎಲ್ಲಾ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ ಎಂಬ ಮಾತು ಮತ್ತಾಯ 28ರಲ್ಲಿದೆ. ಇದನ್ನು ‘ಮಹಾ ಆಜ್ಞೆ’ ಎನ್ನುತ್ತಾರೆ. ಅದು ಅಪೊಸ್ತಲರ ಕಾಲಕ್ಕೇ ಮುಗಿದ ಕೆಲಸ ಎಂದು 18ನೇ ಶತಮಾನದ ಅನೇಕ ಪ್ರಾಟೆಸ್ಟೆಂಟರು ನಂಬಿದ್ದರು. 1792ರಲ್ಲಿ ವಿಲಿಯಂ ಕೇರಿ ಎಂಬ ಚಮ್ಮಾರ ಕಸುಬಿನ ಬೋಧಕ 87 ಪುಟಗಳ ಪುಸ್ತಿಕೆ ಬರೆದು, ಇದು ಈಗಿನ ನಮಗೂ ಹೇಳಿದ್ದು ಎಂದು ವಾದಿಸಿದ. ಇಂದಿನ ಮಿಷನ್ ಸಂಸ್ಥೆಗಳ ದೊಡ್ಡ ಅಲೆ ಅಲ್ಲಿಂದ ಎದ್ದಿತು.

ಈ ಆಜ್ಞೆಯನ್ನು ಉಲ್ಲೇಖಿಸುವವರು ಅದರ ಕೊನೆಯ ಭಾಗದ ಮೇಲೆ ಬೇಗ ಹಾದುಹೋಗುತ್ತಾರೆ: ನಾನು ನಿಮಗೆ ಆಜ್ಞಾಪಿಸಿದ್ದನ್ನೆಲ್ಲ ಪಾಲಿಸುವಂತೆ ಕಲಿಸಿರಿ. ಏನು ಆಜ್ಞಾಪಿಸಿದ್ದ? ಉಚಿತವಾಗಿ ಕೊಡಿ ಎಂದಿದ್ದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದಿದ್ದ. ಯಾರೂ ಕೇಳದಿದ್ದರೆ ಕಾಲಿನ ಧೂಳು ಝಾಡಿಸಿ ಮುಂದೆ ನಡೆಯಿರಿ ಎಂದಿದ್ದ. ಒಬ್ಬನನ್ನು ಮತಕ್ಕೆ ಸೇರಿಸಲು ಸಮುದ್ರ ಭೂಮಿ ಸುತ್ತಿ, ಸೇರಿದವನನ್ನು ನಿಮಗಿಂತ ಎರಡರಷ್ಟು ನರಕಪಾತ್ರನಾಗಿ ಮಾಡುತ್ತೀರಿ ಎಂದು 23ನೇ ಅಧ್ಯಾಯದಲ್ಲಿ ಗದರಿದ್ದ. ಮಹಾ ಆಜ್ಞೆ ಇರುವ ಸುವಾರ್ತೆಯಲ್ಲೇ ಈ ಎಚ್ಚರಿಕೆಯೂ ಇದೆ. ತಲೆ ಎಣಿಸಿ ವರದಿ ಕಳಿಸುವ ಪ್ರಚಾರಕ್ಕೆ ಇದಕ್ಕಿಂತ ಗಟ್ಟಿ ಮಾತು ಇನ್ನೊಂದಿಲ್ಲ.

ಅನ್ನ ಮತ್ತು ನಂಬಿಕೆಯ ಸಂಬಂಧಕ್ಕೆ ಯೋಹಾನನ 6ನೇ ಅಧ್ಯಾಯಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಐದು ಸಾವಿರ ಗಂಡಸರು ರೊಟ್ಟಿ ತಿಂದು ತೃಪ್ತರಾದರು. ಅವನನ್ನು ಹಿಡಿದು ಅರಸನನ್ನಾಗಿ ಮಾಡಲು ಹೊರಟರು. ಅವನು ತಪ್ಪಿಸಿಕೊಂಡು ಬೆಟ್ಟಕ್ಕೆ ಹೋದ. ಮಾರನೆಯ ದಿನ ಹುಡುಕಿಕೊಂಡು ಬಂದವರಿಗೆ, ರೊಟ್ಟಿ ತಿಂದಿರಿ ಎಂದು ನನ್ನನ್ನು ಹುಡುಕುತ್ತೀರಿ ಎಂದು ಮುಖಕ್ಕೇ ಹೇಳಿದ. ಆಮೇಲೆ ಅವನ ಮಾತು ಕಠಿಣವಾಯಿತು. ಅನೇಕರು ಎದ್ದು ಹೋದರು. ಅವನು ಅವರನ್ನು ತಡೆಯಲಿಲ್ಲ. ಉಳಿದ ಹನ್ನೆರಡು ಜನರಿಗೂ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದ. ರೊಟ್ಟಿಯಿಂದ ಬಂದ ಗುಂಪನ್ನು ತಾನೇ ಕರಗಿಸಿದವನ ಹೆಸರಲ್ಲಿ, ರೊಟ್ಟಿ ಹಂಚಿ ಗುಂಪು ಸೇರಿಸುವುದು ಹೇಗೆ ಸರಿಯಾಗುತ್ತದೆ?

ಲೂಕ 17ರಲ್ಲಿ ಹತ್ತು ಜನ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ಒಬ್ಬ ಮಾತ್ರ ತಿರುಗಿ ಬರುತ್ತಾನೆ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಜನ ಎಲ್ಲಿ ಎಂದು ಯೇಸು ನೋವಿನಿಂದ ಕೇಳುತ್ತಾನೆ. ಆದರೆ ಅವರಿಗೆ ಸಿಕ್ಕ ಆರೋಗ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮತ್ತಾಯ 25ರ ಕೊನೆಯ ತೀರ್ಪಿನಲ್ಲೂ ಹಸಿದವನಿಗೆ ಊಟ, ಸೆರೆಯಲ್ಲಿದ್ದವನಿಗೆ ಭೇಟಿ ಇವುಗಳ ಲೆಕ್ಕ ಬರುತ್ತದೆ. ಕೊಟ್ಟವರು ತಾವು ಕ್ರಿಸ್ತನಿಗೇ ಕೊಟ್ಟೆವು ಎಂಬುದು ಗೊತ್ತಿಲ್ಲದೆ ಕೊಟ್ಟಿದ್ದರು.

ಹೀಗೆ ಕೊಟ್ಟದ್ದರಿಂದ ಸುವಾರ್ತೆ ಹರಡಲಿಲ್ಲವೇ? ಹರಡಿತು. ಅದಕ್ಕೆ ಸಾಕ್ಷಿ ವಿರೋಧಿಯ ಬಾಯಲ್ಲೇ ಇದೆ. 361ರಿಂದ 363ರವರೆಗೆ ಆಳಿದ ರೋಮನ್ ಚಕ್ರವರ್ತಿ ಜೂಲಿಯನ್ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ತರಲು ಹೊರಟಿದ್ದ. ಗಲಾತ್ಯದ ಮಹಾಯಾಜಕನಿಗೆ ಬರೆದ ಪತ್ರದಲ್ಲಿ ಅವನು ಗೊಣಗುತ್ತಾನೆ: ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ. ‘ನಮ್ಮ ಬಡವರನ್ನೂ’ ಎಂಬಲ್ಲೇ ಎಲ್ಲ ಇದೆ. ಆ ಬಡವರು ಊಟ ಮಾಡಿದ ಮೇಲೂ ಜೂಲಿಯನ್‌ನ ಕಡೆಯವರಾಗಿಯೇ ಉಳಿಯಬಹುದಿತ್ತು. ಷರತ್ತು ಇಲ್ಲದ್ದಕ್ಕೇ ಅದು ಜನರ ಮನಸ್ಸು ತಟ್ಟಿತು.

ಷರತ್ತು ಹಾಕಿದ ಕಾಲಗಳೂ ಇದ್ದವು, ಮುಚ್ಚಿಡುವುದು ಬೇಡ. ಬರಗಾಲದಲ್ಲಿ, ವಸಾಹತು ಆಳ್ವಿಕೆಯ ನೆರಳಲ್ಲಿ, ಅನ್ನಕ್ಕಾಗಿ ಹೆಸರು ಬರೆಸಿದವರನ್ನು ‘ಅಕ್ಕಿ ಕ್ರೈಸ್ತರು’ ಎಂದು ಮಿಷನರಿಗಳೇ ಬೇಸರದಿಂದ ಕರೆದರು. ಈಗ ಸಭೆಗಳ ಅಧಿಕೃತ ನಿಲುವು ಸ್ಪಷ್ಟವಾಗಿದೆ. ಪೋಪ್ ಹದಿನಾರನೇ ಬೆನೆಡಿಕ್ಟ್ 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಪ್ರೀತಿ ಉಚಿತವಾದದ್ದು, ಬೇರೆ ಗುರಿ ಸಾಧಿಸಲು ಅದನ್ನು ಬಳಸಬಾರದು ಎಂದು ಬರೆದರು. 2011ರಲ್ಲಿ ವ್ಯಾಟಿಕನ್, ವಿಶ್ವ ಸಭೆಗಳ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಸೇರಿ ಒಂದು ನಡವಳಿಕೆ ಸೂತ್ರ ಹೊರತಂದವು. ಬಡತನವನ್ನು, ಕೊರತೆಯನ್ನು ದುರುಪಯೋಗ ಮಾಡಿಕೊಳ್ಳುವುದಕ್ಕೆ ಕ್ರೈಸ್ತ ಸೇವೆಯಲ್ಲಿ ಜಾಗವಿಲ್ಲ, ಹಣದ ಆಮಿಷವನ್ನು ಕ್ರೈಸ್ತರೇ ಖಂಡಿಸಬೇಕು ಎಂದು ಅದರಲ್ಲಿದೆ. ಎಷ್ಟೋ ವಿಷಯದಲ್ಲಿ ಒಮ್ಮತವಿಲ್ಲದ ಈ ಮೂವರು ಇಷ್ಟಕ್ಕೆ ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ.

ಹಾಗಾದರೆ ಸೇವೆ ಮಾಡುವವನು ತನ್ನ ನಂಬಿಕೆಯ ಬಗ್ಗೆ ಬಾಯೇ ತೆರೆಯಬಾರದೇ? ಹಾಗೆ ಕೇಳುವವರ ಮಾತಿನಲ್ಲೂ ನ್ಯಾಯವಿದೆ. ತನ್ನನ್ನು ನಡೆಸುವುದು ಏನು ಎಂಬುದನ್ನು ಬಚ್ಚಿಟ್ಟು ಕೆಲಸ ಮಾಡುವುದು ಕೂಡ ಪ್ರಾಮಾಣಿಕವಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಎಂದು ಪೇತ್ರನ ಮೊದಲ ಪತ್ರ ಹೇಳುತ್ತದೆ. ಕೇಳಿದಾಗ ಹೇಳು. ಗೌರವದಿಂದ ಹೇಳು. ಕಷ್ಟ ಬರುವುದು ಬಲದ ಅಂತರ ಇರುವ ಕಡೆ. ಹಾಸಿಗೆಯಲ್ಲಿ ಮಲಗಿದ ರೋಗಿ ಡಾಕ್ಟರ್ ಮುಂದೆ, ಫೀಸು ಕಟ್ಟಲಾಗದ ಮಗು ಟೀಚರ್ ಮುಂದೆ ‘ಬೇಡ’ ಎನ್ನುವುದು ಸುಲಭವಲ್ಲ. ಅಲ್ಲಿ ಕೇಳದೆ ಮಾಡಿದ ಪ್ರಾರ್ಥನೆಯೂ ಒತ್ತಾಯವೇ ಆಗಬಹುದು. ಒಂದು ಪರೀಕ್ಷೆ ನನಗೆ ಸರಿ ಅನ್ನಿಸುತ್ತದೆ: ಅವರು ಬೇಡ ಎಂದರೂ ನಾಳೆ ಅದೇ ಔಷಧ, ಅದೇ ಪಾಠ, ಅದೇ ನಗು ಸಿಗುತ್ತದೆಯೇ? ಅದು ಸಿಗುತ್ತದೆ ಎಂಬುದು ಪಡೆಯುವವನಿಗೂ ಮೊದಲೇ ಗೊತ್ತಿರಬೇಕು.

ಆಚೆಯವರಿಗೂ ಒಂದು ಮಾತು. ಬಡವನು ಮತ ಬದಲಿಸಿದ ಎಂದ ಕೂಡಲೇ ಅವನು ಅನ್ನಕ್ಕೆ ಮಾರಿಕೊಂಡ ಎಂದು ತೀರ್ಮಾನಿಸುವುದೂ ತಪ್ಪು. ಹಸಿದವನಿಗೂ ಯೋಚಿಸುವ ಮನಸ್ಸಿದೆ. ಅವನ ನಿರ್ಧಾರ ಅವನದೇ ಇರಬಹುದು. ಆಮಿಷ ಒಡ್ಡಿದವನೂ, ಆಮಿಷಕ್ಕೇ ಬಿದ್ದಿರಬೇಕು ಎಂದು ಊಹಿಸಿದವನೂ ಆ ಮನುಷ್ಯನನ್ನು ಸಮಾನವಾಗಿ ಕೀಳಾಗಿ ಕಂಡಂತಾಯಿತು.

ಲೆಕ್ಕ ಕೊಡುವ ಮಾತು

ಅಪೊಸ್ತಲರ ಕೃತ್ಯಗಳು 8ರಲ್ಲಿ ಸಮಾರ್ಯದ ಸೀಮೋನ ದುಡ್ಡು ತಂದು, ಪವಿತ್ರಾತ್ಮನನ್ನು ಕೊಡುವ ಅಧಿಕಾರ ನನಗೂ ಕೊಡಿ ಎಂದ. ನಿನ್ನ ಬೆಳ್ಳಿ ನಿನ್ನ ಸಂಗಡ ಹಾಳಾಗಲಿ ಎಂದ ಪೇತ್ರ. ದೇವರ ವರವನ್ನು ಹಣಕ್ಕೆ ಕೊಳ್ಳಬಹುದು ಎಂದುಕೊಂಡದ್ದೇ ಸೀಮೋನನ ತಪ್ಪು. ಕೊಳ್ಳುವುದು ತಪ್ಪಾದರೆ ಮಾರುವುದೂ ತಪ್ಪೇ.

ಹಾಗಂತ ದುಡ್ಡು ಮುಟ್ಟದೆ ಸಭೆ ನಡೆಯುವುದಿಲ್ಲ. ಪೌಲನೇ ಆಗಿನ ಕಾಲಕ್ಕೆ ಬಹಳ ದೊಡ್ಡ ಸಂಗ್ರಹ ನಡೆಸಿದ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ, ಅಖಾಯ, ಗಲಾತ್ಯದ ಸಭೆಗಳಿಂದ ವರ್ಷಗಟ್ಟಲೆ ಹಣ ಕೂಡಿಸಿದ. ಅವನು ಅದನ್ನು ಹೇಗೆ ನಿಭಾಯಿಸಿದ ಎಂಬುದು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ತನ್ನ ಜೊತೆಗಾರ ತೀತನ ಜೊತೆ ಇನ್ನೊಬ್ಬ ಸಹೋದರನನ್ನು ಕಳಿಸುತ್ತಿದ್ದೇನೆ, ಅವನನ್ನು ಆರಿಸಿದ್ದು ಸಭೆಗಳು ಎನ್ನುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎನ್ನುತ್ತಾನೆ. ‘ದೇವರಿಗೆ ಎಲ್ಲ ಗೊತ್ತು’ ಎಂದು ಅವನು ತಪ್ಪಿಸಿಕೊಳ್ಳಲಿಲ್ಲ. ಮೊದಲ ಪತ್ರದಲ್ಲೂ, ನೀವು ಯಾರನ್ನು ಒಪ್ಪುತ್ತೀರೋ ಅವರ ಕೈಯಲ್ಲೇ ಕಳಿಸುತ್ತೇನೆ ಎಂದಿದ್ದ.

ಅಮೆರಿಕದ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ 2007ರಲ್ಲಿ ಆರು ದೊಡ್ಡ ಟಿವಿ ಸೇವಾಸಂಸ್ಥೆಗಳ ಲೆಕ್ಕ ಕೇಳಿದರು. ಕೆಲವರು ಕೊಟ್ಟರು, ಕೆಲವರು ಪೂರ್ತಿ ಕೊಡಲಿಲ್ಲ. 2011ರಲ್ಲಿ ಯಾರಿಗೂ ಶಿಕ್ಷೆಯಿಲ್ಲದೆ ತನಿಖೆ ಮುಗಿಯಿತು. ಸರ್ಕಾರ ಸಭೆಯ ಪೆಟ್ಟಿಗೆಗೆ ಕೈ ಹಾಕಬೇಕೇ ಎಂಬ ಪ್ರಶ್ನೆ ಸುಲಭದ್ದಲ್ಲ. ಪೌಲನ ದಾರಿಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಲೆಕ್ಕ ನೋಡುವವರನ್ನು ಕೊಟ್ಟವರೇ ಆರಿಸುತ್ತಾರೆ. ಹಾಗಾಗಿ ವಿಶ್ವಾಸಿಗಳು ತಮ್ಮ ಸಭಾಪಾಲಕರನ್ನು ಧೈರ್ಯವಾಗಿ ಕೇಳಬೇಕು ಎಂದು ನನಗನ್ನಿಸುತ್ತದೆ. ಬಂದದ್ದರಲ್ಲಿ ಬಡವರಿಗೆ ಹೋದದ್ದು ಎಷ್ಟು? ಸಂಬಳಕ್ಕೆ ಎಷ್ಟು? ಕಟ್ಟಡಕ್ಕೆ ಎಷ್ಟು? ಲೆಕ್ಕ ನೋಡಿದವರು ಯಾರು, ಅವರನ್ನು ಆರಿಸಿದವರು ಯಾರು? ಇದನ್ನು ಕೇಳುವುದು ನಂಬಿಕೆಯ ಕೊರತೆಯಲ್ಲ. ಉತ್ಸಾಹದಿಂದ ಕೊಡಿ ಎಂದು ಕಾಣಿಕೆಗೆ ಮೊದಲು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 9ನೇ ಅಧ್ಯಾಯ ಓದುವ ಸಭೆ, 8ನೇ ಅಧ್ಯಾಯದ ಈ ವಚನಗಳನ್ನೂ ಓದಲಿ. ಓದಿದ ಮೇಲೆ ಲೆಕ್ಕದ ಹಾಳೆಯನ್ನು ಎಲ್ಲರ ಕೈಗೂ ಕೊಡಲಿ.